ಓದು, ವರ ಮತ್ತು ತೆರೆದ ಬಾಗಿಲು

ಕ್ರೈಸ್ತ ಸೇವೆಯಲ್ಲಿ ಸತ್ಯವೇದದ ಅಧ್ಯಯನ ಹೆಚ್ಚೋ, ಪವಿತ್ರಾತ್ಮನ ವರಗಳು ಹೆಚ್ಚೋ ಎಂಬ ವಾದ ಹಳೆಯದು. ಎರಡನ್ನೂ ಸಮವಾಗಿ ತೂಗಿದರೆ ಸಾಕು ಎನ್ನುವವರಿದ್ದಾರೆ. ನನಗೆ ಆ ತಕ್ಕಡಿಯ ಮೇಲೇ ಅನುಮಾನ.

1906ರ ಆರಂಭದಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಚಾರ್ಲ್ಸ್ ಪಾರ್ಹಮ್ ಎಂಬ ಬೋಧಕ ಸತ್ಯವೇದದ ಶಾಲೆ ನಡೆಸುತ್ತಿದ್ದ. ಗುಲಾಮರಾಗಿದ್ದವರ ಮಗ ವಿಲಿಯಂ ಸೀಮೋರ್ ಅಲ್ಲಿ ಕಲಿಯಲು ಹೋದ. ವರ್ಣಭೇದದ ಕಾರಣ ಬಿಳಿಯರ ಜೊತೆ ಕೂರುವಂತಿರಲಿಲ್ಲ. ಕೋಣೆಯ ಹೊರಗೆ, ತೆರೆದ ಬಾಗಿಲ ಬಳಿ ಕುಳಿತು ಪಾಠ ಕೇಳಿದ. ಅದೇ ವರ್ಷ ಲಾಸ್ ಏಂಜಲಿಸ್‌ನ ಅಜೂಸಾ ಬೀದಿಯಲ್ಲಿ, ಅವನ ಮುಂದಾಳತ್ವದಲ್ಲಿ, ಕರಿಯರೂ ಬಿಳಿಯರೂ ಒಟ್ಟಿಗೆ ಮೊಣಕಾಲೂರಿ ಅನ್ಯಭಾಷೆಗಳಲ್ಲಿ ಪ್ರಾರ್ಥಿಸಿದರು. ನೋಡಲು ಬಂದ ಪಾರ್ಹಮ್ ಖಂಡಿಸಿದ. ಅವರೆಲ್ಲ ಹಾಗೆ ಬೆರೆತದ್ದನ್ನೂ ಅವನು ಸಹಿಸಲಿಲ್ಲ.

ಪಾರ್ಹಮ್ ವಾಕ್ಯ ಕಲಿಸುತ್ತಿದ್ದವನು, ಅನ್ಯಭಾಷೆಯ ವರವನ್ನೂ ಸಾರಿದವನು. ತಕ್ಕಡಿಯ ಎರಡು ತಟ್ಟೆಯೂ ತುಂಬಿದ್ದವು. ಬಾಗಿಲಾಚೆ ಕೂತವನನ್ನು ಒಳಗೆ ಕರೆಯಲು ಅವೆರಡೂ ಸಾಲಲಿಲ್ಲ.

ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಪೌಲ ವರಗಳ ಕುರಿತ ಎರಡು ಅಧ್ಯಾಯಗಳ ನಡುವೆ ಪ್ರೀತಿಯ ಅಧ್ಯಾಯವನ್ನಿಟ್ಟ. ಅಲ್ಲಿ ಜ್ಞಾನವೂ ಭಾಷೆಗಳೂ ಒಂದೇ ಪರೀಕ್ಷೆಗೆ ಒಳಗಾಗುತ್ತವೆ. ಪ್ರೀತಿಯಿಲ್ಲದ ಅನ್ಯಭಾಷೆ ಆತ್ಮನ ಗುರುತಲ್ಲವೆಂದು ಸೀಮೋರ್ ಮುಂದೆ ಕಲಿಸಿದ್ದೂ ಇದನ್ನೇ.

ಓದು ವರವನ್ನು ತಿದ್ದಬೇಕು, ವರ ಓದಿಗೆ ಉಸಿರಾಗಬೇಕು, ನಿಜ. ಆದರೆ ಯಾವ ಸಭೆಯಲ್ಲಾದರೂ ಅವುಗಳ ಪ್ರಮಾಣ ಕೇಳುವ ಮೊದಲು, ಬಾಗಿಲ ಹೊರಗೆ ಯಾರನ್ನು ಕೂರಿಸಿದ್ದಾರೆಂದು ನಾನು ನೋಡುತ್ತೇನೆ.