ಸಮುದ್ರ ಬಿಟ್ಟುಹೋದ ಊರು, ಹೊಳೆ ಏರಿಬಂದ ಊರು

ಯುಗಾದಿ ಹತ್ತಿರ ಬಂತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ರಸ್ತೆಗಳಲ್ಲಿ ಶ್ರೀಶೈಲಕ್ಕೆ ನಡೆದು ಹೊರಟವರ ಸಾಲು ಕಾಣುತ್ತದೆ. ಹೆಗಲ ಮೇಲೆ ಕಂಬಿ, ಬೆನ್ನಿಗೆ ಗಂಟು, ಕೆಲವರ ಕಾಲಲ್ಲಿ ಚಪ್ಪಲಿಯೂ ಇಲ್ಲ. ಮುಂದಿರುವುದು ನಾಲ್ಕುನೂರು ಕಿಲೋಮೀಟರಿಗೂ ಮೀರಿದ ಹಾದಿ. ದಾರಿಯ ಊರುಗಳವರು ಪೆಂಡಾಲು ಹಾಕಿ ರೊಟ್ಟಿ, ಮಜ್ಜಿಗೆ ಕೊಟ್ಟು ದಾಸೋಹ ನಡೆಸುತ್ತಾರೆ. ಇದೇ ಸೀಮೆಯಲ್ಲಿ ಸಣ್ಣ ಸಂಖ್ಯೆಯಲ್ಲಿರುವ ಕ್ರೈಸ್ತರ ಪವಿತ್ರಗ್ರಂಥದಲ್ಲಿ ಬರುವ ಊರುಗಳಾದರೋ ಸಾವಿರಾರು ಮೈಲಿ ಆಚೆ, ಮೆಡಿಟರೇನಿಯನ್ ಸಮುದ್ರದ ಸುತ್ತ ಚೆದುರಿವೆ: ಎಫೆಸ, ಕೊರಿಂಥ, ಥೆಸಲೋನಿಕ, ಕನ್ನಡ ಬೈಬಲಿನಲ್ಲಿ ಕುಪ್ರವೆಂದು ಕರೆಸಿಕೊಳ್ಳುವ ಸೈಪ್ರಸ್, ಮೆಲೀತೆಯೆಂದು ಕರೆಸಿಕೊಳ್ಳುವ ಮಾಲ್ಟಾ, ಯೋಹಾನ ಗಡೀಪಾರಾಗಿದ್ದ ಪತ್ಮೋಸ್. ಇವನ್ನೆಲ್ಲ ವಿಮಾನ, ಬಸ್ಸು, ಹಡಗುಗಳಲ್ಲಿ ಕೆಲವೇ ದಿನಗಳಲ್ಲಿ ತೋರಿಸಿ ಕರೆತರುವ ಪ್ರವಾಸಗಳು ಈಗ ಸಾಮಾನ್ಯವಾಗಿವೆ. ಹಣವಿದ್ದವರು ಹೋಗಿಬರುತ್ತಾರೆ, ಇಲ್ಲದವರು ಒಮ್ಮೆ ಹೋಗಬೇಕಿತ್ತು ಎಂದುಕೊಳ್ಳುತ್ತಾರೆ. ದೇವರು ಎಲ್ಲ ಕಡೆಯೂ ಇದ್ದಾನೆಂದು ನಂಬಿದವನಿಗೆ ಒಂದು ಊರಿಗೆ ಹೋಗಿ ಸಿಗುವುದಾದರೂ ಏನು? ನನಗೆ ತೋರುವ ಉತ್ತರ ಇದು: ಆ ಊರುಗಳಲ್ಲಿ ಪುಣ್ಯವಿಲ್ಲ, ಸಾಕ್ಷ್ಯವಿದೆ. ದರ್ಶನಕ್ಕೆಂದು ಹೋದವರು ಅಲ್ಲಿ ನಿರಾಶರಾಗಬೇಕು. ಹಳೆಯ ದಸ್ತಾವೇಜು ಓದಲು ಹೋಗುವ ಹಾಗೆ ಹೋದವರಿಗೆ ಕೈತುಂಬ ಕೆಲಸವಿದೆ.

ಹೋಗಬೇಕಾಗಿಲ್ಲ ಎನ್ನುವವರ ವಾದವನ್ನು ಮೊದಲು ಕೇಳಬೇಕು, ಏಕೆಂದರೆ ಗ್ರಂಥವೇ ಅವರ ಪರವಾಗಿದೆ. ನಿಜವಾದ ಆರಾಧನೆ ಈ ಬೆಟ್ಟದಲ್ಲೂ ಅಲ್ಲ, ಜೆರೂಸಲೇಮಿನಲ್ಲೂ ಅಲ್ಲ ಎಂಬ ಅರ್ಥದ ಮಾತನ್ನು ಯೇಸು ಬಾವಿಕಟ್ಟೆಯ ಮೇಲೆ ಕುಳಿತು ಸಮಾರ್ಯದ ಹೆಣ್ಣುಮಗಳಿಗೆ ಹೇಳುತ್ತಾನೆ. ಯೇಸುವಿನ ಸಂದೇಶ ಸಾರುತ್ತ ಊರೂರು ಸುತ್ತಿದ ಅಪೊಸ್ತಲ ಪೌಲ ಅಥೇನೆಯ ಗುಡ್ಡದ ಮೇಲೆ ನಿಂತು, ಮನುಷ್ಯರ ಕೈ ಕಟ್ಟಿದ ಗುಡಿಯಲ್ಲಿ ದೇವರು ವಾಸಿಸುವುದಿಲ್ಲವೆಂದು ವಾದಿಸುತ್ತಾನೆ. ಅದನ್ನು ಹೇಳುವಾಗ ಅವನ ಕಣ್ಣೆದುರಿಗೇ ಪಾರ್ಥೆನಾನ್ ಇತ್ತು. ನಾಲ್ಕನೆಯ ಶತಮಾನದ ಕೊನೆಗೆ ನಿಸ್ಸದ ಬಿಷಪ್ ಗ್ರೆಗೊರಿ ಒಂದು ಪತ್ರದಲ್ಲಿ, ಸ್ಥಳ ಬದಲಿಸಿದರೆ ದೇವರು ಹತ್ತಿರ ಬರುವುದಿಲ್ಲ, ಪುಣ್ಯಭೂಮಿಯಲ್ಲಿ ಪಾಪವೇನೂ ಕಡಿಮೆಯಿಲ್ಲ, ಕೊಲೆಗಳು ಅಲ್ಲೂ ನಡೆಯುತ್ತವೆ ಎಂದು ಬರೆದ. ಅದೇ ಕಾಲದ ಬೈಬಲ್ ಪಂಡಿತ ಜೆರೋಮನೂ ಸ್ವರ್ಗದ ಬಾಗಿಲು ಜೆರೂಸಲೇಮಿಗೆ ಎಷ್ಟು ದೂರವೋ ಬ್ರಿಟನ್ನಿಗೂ ಅಷ್ಟೇ ಎಂಬ ಧಾಟಿಯಲ್ಲಿ ವಾದಿಸಿದ್ದಾನೆ. ಸ್ಥಾವರಕ್ಕಿಂತ ಜಂಗಮವನ್ನು ದೊಡ್ಡದು ಮಾಡಿದ, ತೀರ್ಥದಲ್ಲಿ ಮುಳುಗಿ ಏಳುವುದನ್ನು ಗೇಲಿ ಮಾಡಿದ ಶರಣರ ನೆಲದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ತಮಾಷೆ ಮಾತ್ರ ಇಲ್ಲಿದೆ. ಹೋಗಬೇಡಿ ಎಂದ ಗ್ರೆಗೊರಿ ಸ್ವತಃ ಜೆರೂಸಲೇಮಿಗೆ ಹೋಗಿಬಂದವನು. ಜೆರೋಮನಂತೂ ಬೆತ್ಲೆಹೇಮಿನಲ್ಲಿ ಮನೆ ಮಾಡಿ ಅಲ್ಲೇ ತೀರಿಕೊಂಡವನು. ಕಂಡುಬಂದವರೇ ಕಾಣಬೇಕಿಲ್ಲ ಎಂದಾಗ ಅವರ ಮಾತಿಗಿಂತ ಅವರ ನಡೆಯನ್ನು ಹೆಚ್ಚು ಗಮನಿಸಬೇಕಾಗುತ್ತದೆ.

ಪವಿತ್ರತೆ ಮಣ್ಣಿನಲ್ಲೇ ಇರುವುದಾದರೆ ಮಣ್ಣು ಇರುವವರೆಗೆ ಅದೂ ಉಳಿಯಬೇಕಿತ್ತಲ್ಲ? ಮೆಡಿಟರೇನಿಯನ್ ಯಾತ್ರೆ ಹೇಳುವ ಕಥೆ ಇದಕ್ಕೆ ತದ್ವಿರುದ್ಧ. ಬೈಬಲಿನ ಕೊನೆಯ ಪುಸ್ತಕ ‘ಪ್ರಕಟನೆ’ಯ ಆರಂಭದಲ್ಲಿ ಏಳು ಸಭೆಗಳಿಗೆ ಓಲೆಗಳಿವೆ: ಎಫೆಸ, ಸ್ಮುರ್ನ, ಪೆರ್ಗಮ, ಥುವತೈರ, ಸಾರ್ದಿಸ್, ಫಿಲದೆಲ್ಫಿಯ, ಲವೊದಿಕೀಯ. ಏಳೂ ಇಂದಿನ ಟರ್ಕಿಯಲ್ಲಿವೆ. ಸ್ಮುರ್ನ ಈಗ ಇಜ್ಮಿರ್ ಎಂಬ ಮಹಾನಗರ, ಅಲ್ಲಿ ಕೆಲವು ಚರ್ಚುಗಳಿವೆ. ಎಫೆಸ, ಸಾರ್ದಿಸ್, ಲವೊದಿಕೀಯಗಳಲ್ಲಿ ಕಂಬಗಳು ನಿಂತಿವೆ, ಸಭೆ ಇಲ್ಲ. 1923ರ ಲೊಸಾನ್ ಒಪ್ಪಂದದ ಕಾಲಕ್ಕೆ ಗ್ರೀಸ್ ಮತ್ತು ಟರ್ಕಿಗಳು ಜನರನ್ನೇ ಅದಲು ಬದಲು ಮಾಡಿಕೊಂಡಾಗ ಆ ನಾಡಿನಲ್ಲಿ ಉಳಿದಿದ್ದ ಗ್ರೀಕ್ ಕ್ರೈಸ್ತರೂ ಗುಳೆ ಎದ್ದರು. ಎಫೆಸಕ್ಕೆ ಆದದ್ದು ಇನ್ನೂ ವಿಚಿತ್ರ. ಪೌಲ ಬಂದಾಗ ಅದು ಬಂದರು. ಅರ್ತೆಮೀ ದೇವಿಯ ಗುಡಿಯಿಂದ, ದೇಮೇತ್ರಿಯನಂಥ ಅಕ್ಕಸಾಲಿಗರು ಮಾಡಿ ಮಾರುತ್ತಿದ್ದ ಬೆಳ್ಳಿಯ ಗುಡಿಗಳಿಂದ ದುಡ್ಡು ಓಡಾಡುತ್ತಿದ್ದ ಊರು. ವ್ಯಾಪಾರಕ್ಕೆ ಪೆಟ್ಟು ಬಿದ್ದೀತೆಂದು ಅವರು ಗಲಾಟೆ ಎಬ್ಬಿಸಿದ ರಂಗಮಂದಿರ ಇಂದಿಗೂ ಇದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಅದರ ಮೇಲಿನ ಸಾಲಿನಿಂದ ನೋಡಿದರೆ ಹಡಗುಕಟ್ಟೆಗೆ ಹೋಗುವ ಕಲ್ಲುಹಾಸಿನ ಬೀದಿ ನೇರವಾಗಿ ಕಾಣುತ್ತದೆ. ಅದರ ತುದಿಗೆ ನೀರಿಲ್ಲ, ಜವುಗಿದೆ, ಹೊಲವಿದೆ. ಹೊಳೆ ಹೊತ್ತು ತಂದ ಹೂಳು ತುಂಬುತ್ತ ಸಮುದ್ರವೇ ಹಲವು ಕಿಲೋಮೀಟರ್ ಹಿಂದೆ ಸರಿದಿದೆ. ದೇವಿಯೂ ಹೋದಳು, ಅವಳನ್ನು ಎದುರಿಸಿದ ಸಭೆಯೂ ಹೋಯಿತು, ಇಬ್ಬರನ್ನೂ ಸಾಕಿದ ನೀರೂ ಹೋಯಿತು.

ನಮ್ಮ ಕಡೆ ಇದರ ತಿರುವುಮುರುವು ನಡೆದಿದೆ, ನೀರೇ ಏರಿಬಂದಿದೆ. ಆಲಮಟ್ಟಿ ಅಣೆಕಟ್ಟು ತುಂಬಿದ ಮೇಲೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು, ಬೀಳಗಿ ತಾಲ್ಲೂಕಿನ ಎಷ್ಟೋ ಹಳ್ಳಿಗಳು ಹಿನ್ನೀರಿನ ಕೆಳಗೆ ಹೋದವು. ದೇವರನ್ನು ಎತ್ತಿಕೊಂಡು ಹೋಗಿ ಹೊಸ ಊರಿನಲ್ಲಿ ಕೂರಿಸಿದವರು ಈ ಸೀಮೆಯಲ್ಲಿ ಬೇಕಾದಷ್ಟು ಜನರಿದ್ದಾರೆ. ದೇವರು ಬರಲಾರೆ ಎನ್ನಲಿಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮದಲ್ಲಿ ಮಾತ್ರ ಬಸವಣ್ಣನ ಐಕ್ಯಸ್ಥಳವನ್ನು ಇದ್ದಲ್ಲೇ ಉಳಿಸಿಕೊಂಡು ಸುತ್ತ ಎತ್ತರಕ್ಕೆ ಗೋಡೆ ಕಟ್ಟಿದ್ದಾರೆ. ನೀರಿನ ಮೇಲೆ ಸೇತುವೆ ದಾಟಿ ಹೋಗಿ, ಬಾವಿಗೆ ಇಳಿಯುವಂತೆ ಮೆಟ್ಟಿಲಿಳಿದು ನೋಡಬೇಕು. ಜಂಗಮವೇ ಹೆಚ್ಚೆಂದವನ ಜಾಗವನ್ನು ಇಷ್ಟು ಪಾಡುಪಟ್ಟು ಸ್ಥಾವರ ಮಾಡಿದ್ದು ವಿರೋಧಾಭಾಸವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಆ ಗೋಡೆ ಕಟ್ಟಿದವರು ದೇವರು ಮುಳುಗಿ ಹೋದಾನೆಂದು ಹೆದರಿದರೆಂದು ನನಗೆ ಅನ್ನಿಸುವುದಿಲ್ಲ. ಅವರು ಹೆದರಿದ್ದು ನೆನಪಿಗೆ. ಇಲ್ಲಿ ಹೀಗೊಬ್ಬ ಮನುಷ್ಯ ನಿಜವಾಗಿ ಇದ್ದ ಎಂಬುದಕ್ಕೆ ಬೆರಳಿಟ್ಟು ತೋರಿಸುವ ಒಂದು ಗುರುತು ಬೇಕಾಗಿತ್ತು.

ಈ ‘ನಿಜವಾಗಿ ಇದ್ದ’ ಎಂಬುದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿಲ್ಲ. ಬಸವಣ್ಣನ ಐತಿಹಾಸಿಕತೆಯ ಬಗ್ಗೆಯೇ ಫ್ಲೀಟ್‌ನಂಥ ಶಾಸನತಜ್ಞರು ಅನುಮಾನಪಟ್ಟಿದ್ದರು. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ದೊರೆತ 1260ರ ಶಾಸನ ಅವನ ಹೆಸರು ಹೇಳಿ ಆ ಅನುಮಾನದ ಬಲ ಮುರಿಯಿತು. ಪೌಲನ ಕಥೆಗೂ ಇಂಥ ಕಲ್ಲುಗಳಿವೆ. ಪೌಲನ ಪ್ರಯಾಣಗಳ ಕಥೆ ಹೇಳುವ ಲೂಕ ಥೆಸಲೋನಿಕದ ಅಧಿಕಾರಿಗಳನ್ನು ‘ಪೊಲಿತಾರ್ಖ’ರೆಂದು ಕರೆಯುತ್ತಾನೆ. ಪ್ರಾಚೀನ ಗ್ರೀಕ್ ಸಾಹಿತ್ಯದಲ್ಲಿ ಆ ಪದವಿಯ ಹೆಸರು ಸಿಗದೆ ಲೂಕನೇ ಎಡವಿರಬೇಕು ಎಂಬ ಶಂಕೆ ಇತ್ತು. ಆ ಊರಿನ ವಾರ್ದಾರ್ ಬಾಗಿಲಿನ ಕಲ್ಲಿನ ಮೇಲೆ ಅದೇ ಪದ ಕೆತ್ತಿತ್ತು, ಆ ಕಲ್ಲು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಕೊರಿಂಥದಲ್ಲಿ ಪೌಲನನ್ನು ಗಲ್ಲಿಯೋ ಎಂಬ ಅಧಿಪತಿಯ ಮುಂದೆ ಎಳೆದು ನಿಲ್ಲಿಸಿದರಂತೆ. ದೆಲ್ಫಿಯಲ್ಲಿ ದೊರೆತ ಶಾಸನದ ಚೂರುಗಳು ಗಲ್ಲಿಯೋ ಸುಮಾರು ಕ್ರಿ.ಶ. 51-52ರಲ್ಲಿ ಆ ಅಧಿಕಾರದಲ್ಲಿದ್ದುದನ್ನು ತೋರಿಸಿಕೊಟ್ಟವು. ಪೌಲನ ಬದುಕಿನ ಇಡೀ ಕಾಲಗಣನೆಗೆ ಗೂಟ ಹೊಡೆದಿರುವುದು ಆ ಚೂರುಗಳ ಮೇಲೆ. ಪವಾಡ ನಡೆಯಿತೆಂದು ಯಾವ ಕಲ್ಲೂ ಸಾಕ್ಷಿ ಹೇಳುವುದಿಲ್ಲ. ಕಥೆ ಹೇಳಿದವನಿಗೆ ಊರು ಗೊತ್ತಿತ್ತು, ಅಲ್ಲಿನ ಅಧಿಕಾರಿಗಳ ಹೆಸರು ಗೊತ್ತಿತ್ತು, ಇಷ್ಟನ್ನೇ ಹೇಳುತ್ತದೆ. ಇತಿಹಾಸದ ಮೇಲೆ ನಿಂತಿದ್ದೇನೆಂದು ಹೇಳಿಕೊಳ್ಳುವ ಧರ್ಮಕ್ಕೆ ಅಷ್ಟು ಸಾಕು, ಅದಕ್ಕಿಂತ ಕಡಿಮೆಯಾದರೆ ಸಾಲದು.

ಕೊರಿಂಥ ಇನ್ನೊಂದನ್ನೂ ಕಲಿಸುತ್ತದೆ, ಅದು ರಬಕವಿ-ಬನಹಟ್ಟಿಯ ಓದುಗರಿಗೆ ಬೇಗ ತಿಳಿಯುವಂಥದು. ಕ್ಲೌದಿಯ ಚಕ್ರವರ್ತಿ ರೋಮಿನಿಂದ ಹೊರಹಾಕಿದ್ದ ಅಕ್ವಿಲ, ಪ್ರಿಸ್ಕಿಲ್ಲ ಎಂಬ ಗಂಡ ಹೆಂಡತಿ ಅಲ್ಲಿದ್ದರು. ಕಸುಬು ಒಂದೇ ಆದ್ದರಿಂದ ಪೌಲ ಅವರ ಮನೆಯಲ್ಲೇ ಇಳಿದು ಗುಡಾರ ಮಾಡುವ ಕೆಲಸಕ್ಕೆ ಕೂತ. ಅವನ ಹುಟ್ಟೂರು ತಾರ್ಸ ಇದ್ದ ಕಿಲಿಕ್ಯ ಸೀಮೆ ಆಡುಗೂದಲಿನ ಒರಟು ಬಟ್ಟೆಗೆ ಹೆಸರಾಗಿತ್ತು. ಅವನು ನೇಯುತ್ತಿದ್ದನೋ ತೊಗಲು ಹೊಲಿಯುತ್ತಿದ್ದನೋ ಎಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಹಗಲು ರಾತ್ರಿ ದುಡಿದು ಉಂಡೆ, ಯಾರಿಗೂ ಭಾರವಾಗಲಿಲ್ಲ ಎಂದು ಅವನೇ ಹೇಳಿಕೊಂಡದ್ದರಲ್ಲಿ ಗೊಂದಲವಿಲ್ಲ. ಯುರೋಪಿನಲ್ಲಿ ಅವನ ಮಾತಿಗೆ ಮೊದಲು ಕಿವಿಗೊಟ್ಟವರಲ್ಲಿ ಒಬ್ಬಳು ಲುದ್ಯ, ಥುವತೈರದ ಬಟ್ಟೆ ವ್ಯಾಪಾರಿ. ಚರ್ಚಿನ ಬಣ್ಣದ ಗಾಜಿನ ಮೇಲೆ ಪೌಲ ಕೈಯಲ್ಲಿ ಕತ್ತಿ ಹಿಡಿದು ನಿಂತಿರುತ್ತಾನೆ. ಕೊರಿಂಥದ ಪೇಟೆಬೀದಿಯಲ್ಲಿ ಕಾಣುವ ಇಕ್ಕಟ್ಟಾದ ಅಂಗಡಿಕೋಣೆಗಳ ಮುಂದೆ ಆ ಚಿತ್ರ ನಿಲ್ಲುವುದಿಲ್ಲ. ಕುಣಿಯಲ್ಲಿ ಕಾಲು ಇಳಿಬಿಟ್ಟು, ಒಂದು ಕೈಯಲ್ಲಿ ಲಾಳಿಯ ಹಗ್ಗ ಎಳೆಯುತ್ತ, ಎಳೆ ಹರಿದರೆ ಮಗ್ಗ ನಿಲ್ಲಿಸಿ ಬೆರಳಲ್ಲೇ ಹುರಿಗೊಳಿಸಿ ಕೂಡಿಸುತ್ತ, ತಲೆಯೆತ್ತದೆ ಮಾತಾಡುವ ನೇಕಾರನನ್ನು ಕಂಡವರಿಗೆ ಅಲ್ಲಿನ ಧರ್ಮಚರ್ಚೆ ಹೇಗೆ ನಡೆದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಜೇಡರ ದಾಸಿಮಯ್ಯನ ನಾಡಿನವರು ಕಾಯಕ ಎಂಬ ಪದವನ್ನು ಇಲ್ಲಿ ಸಲೀಸಾಗಿ ತಂದು ಕೂರಿಸಬಹುದು. ಎರಡೂ ಒಂದೇ ಎನ್ನುವ ಅವಸರ ಬೇಡ. ಪೌಲ ದುಡಿಮೆಯನ್ನೇ ಪೂಜೆ ಎನ್ನಲಿಲ್ಲ, ಹಂಗಿಲ್ಲದೆ ಮಾತಾಡಲು ಬೇಕಾದ ಆಧಾರ ಎಂದ.

ಇದನ್ನೆಲ್ಲ ಮನೆಯಲ್ಲೇ ಕುಳಿತು ಪುಸ್ತಕದಲ್ಲಿ ಓದಬಹುದಲ್ಲ, ಮೊಬೈಲಿನಲ್ಲಿ ನೋಡಬಹುದಲ್ಲ ಎಂಬುದು ಎರಡನೆಯ ಆಕ್ಷೇಪ. ಬಹುಮಟ್ಟಿಗೆ ಹೌದು. ಪುಸ್ತಕ ಓದದೆ ಹೋದವನಿಗಿಂತ ಹೋಗದೆ ಓದಿದವನೇ ಹೆಚ್ಚು ಕಂಡಿರುತ್ತಾನೆ. ಆದರೂ ದೂರ, ಏರು, ಬಿಸಿಲು, ಎರಡು ಊರುಗಳ ನಡುವಣ ನಡಿಗೆ ಇವು ಪರದೆಯ ಮೇಲೆ ಬರುವುದಿಲ್ಲ, ಬಸ್ಸಿನ ಕಿಟಕಿಗೂ ಅಷ್ಟಾಗಿ ಬರುವುದಿಲ್ಲ. ಶ್ರೀಶೈಲಕ್ಕೆ ನಡೆಯುವವರು ಈ ವಿಷಯದಲ್ಲಿ ಹಡಗಿನ ಯಾತ್ರಿಕರಿಗಿಂತ ಪೌಲನಿಗೆ ಹತ್ತಿರದವರು. ಮೂರನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ತೋರಿಸುವ ಜಾಗಗಳೇ ಖಚಿತವಲ್ಲ. ಎಫೆಸದ ಬಳಿಯ ಬೆಟ್ಟದಲ್ಲಿ ಮರಿಯಮ್ಮನವರ ಮನೆಯೆಂದು ತೋರಿಸುವ ಕಟ್ಟಡವನ್ನು 1891ರಲ್ಲಿ ಗುರುತಿಸಿದ್ದು, ಎಂದೂ ಅಲ್ಲಿಗೆ ಹೋಗದ ಜರ್ಮನ್ ಸನ್ಯಾಸಿನಿಯೊಬ್ಬಳು ಕಂಡ ದರ್ಶನಗಳ ವಿವರಣೆ ಹಿಡಿದು. ಇಂದು ಅಲ್ಲಿಗೆ ಮುಸ್ಲಿಮರೂ ಬಂದು ಹರಕೆ ಕಟ್ಟುತ್ತಾರೆ. ಮೊಹರಮ್ಮಿನ ಅಲೈ ದೇವರಿಗೆ ಹಿಂದೂಗಳು ಸಕ್ಕರೆ ಓದಿಸುವ ನಮ್ಮ ಸೀಮೆಯವರಿಗೆ ಅದೇನು ಹೊಸದಲ್ಲ. ಪೌಲನ ಹಡಗು ಒಡೆದ ದ್ವೀಪ ಮಾಲ್ಟಾ ಎಂಬುದು ಬಹುಜನರ ಮತವಾದರೂ ಆಡ್ರಿಯಾಟಿಕ್ಕಿನ ಮ್ಲ್ಯೆಟ್ ದ್ವೀಪದ ಪರವಾಗಿಯೂ ವಾದಿಸಿದವರಿದ್ದಾರೆ. ಪುಣ್ಯ ಜಾಗದಲ್ಲಿದ್ದರೆ ಇದು ದೊಡ್ಡ ಆಪತ್ತು: ತಪ್ಪು ದ್ವೀಪಕ್ಕೆ ಹೋದವನ ಗತಿ ಏನು? ಸಾಕ್ಷ್ಯದ ಲೆಕ್ಕದಲ್ಲಾದರೆ ಅಂಥ ಆಪತ್ತಿಲ್ಲ. ಆ ಕಥೆಯಲ್ಲಿ ಹಡಗಿನಲ್ಲಿದ್ದವರು 276 ಮಂದಿ. ಮಳೆ ಚಳಿಯಲ್ಲಿ ತೊಯ್ದು ದಡ ಸೇರಿದ ಆ ಅಪರಿಚಿತರಿಗೆ, ಅದರಲ್ಲೂ ಕೈದಿಗಳೂ ಇದ್ದ ಆ ಗುಂಪಿಗೆ, ದ್ವೀಪದವರು ಬೆಂಕಿ ಹಾಕಿ ಬರಮಾಡಿಕೊಂಡರು. ಅವರು ಕ್ರೈಸ್ತರಾಗಿರಲಿಲ್ಲ. ದಾರಿಯ ದಾಸೋಹದ ಪೆಂಡಾಲಿನಲ್ಲಿ ಜಾತಿ ಕೇಳದೆ ರೊಟ್ಟಿ ಬಡಿಸುವವರನ್ನು ಕಂಡವರಿಗೆ ಆ ಬೆಂಕಿ ಯಾವ ಬಂಡೆಯ ಮೇಲೆ ಉರಿಯಿತು ಎಂಬುದು ಎರಡನೆಯ ಪ್ರಶ್ನೆ.

ಕೊನೆಯ ಆಕ್ಷೇಪ ಹೊರಗಿನವರದು, ತುಸು ಕಹಿಯಾದದ್ದು: ಬೇರು ಅಲ್ಲಿರುವವರು ಇಲ್ಲಿಯವರು ಹೇಗಾದಾರು? ಉತ್ತರ ಆ ಖಾಲಿ ಊರುಗಳಲ್ಲೇ ಇದೆ. ಎಫೆಸದವರಿಗೆ ಬಂದ ಪತ್ರ ಎಫೆಸದಲ್ಲಿ ಉಳಿಯಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅದನ್ನು ಕನ್ನಡಕ್ಕೆ ತಂದ; ಬಾಸೆಲ್ ಮಿಷನ್ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳ ನಂತರ 1851ರಲ್ಲಿ ಇದೇ ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ಠಾಣ್ಯ ಹೂಡಿತು. ಅದು ಖಣದ ಊರು, ಮಗ್ಗದ ಊರು. ಗುಡಾರ ಮಾಡುವವನ ಪತ್ರಗಳು ಹದಿನೆಂಟು ಶತಮಾನ ಅಲೆದು ಮತ್ತೆ ನೇಕಾರರ ಓಣಿಗೇ ಬಂದವು. ಹುಟ್ಟಿದಲ್ಲಿ ಬೇರು ಕಿತ್ತುಹೋಗಿ, ಹೋದಲ್ಲಿ ಚಿಗುರಿದ್ದಕ್ಕೆ ಯಾವ ನೆಲವನ್ನು ಸ್ವಂತ ನೆಲ ಎನ್ನಬೇಕು? ಆದ್ದರಿಂದ ಎಫೆಸಕ್ಕೆ ಹೋಗುವ ಜಮಖಂಡಿಯ ಕ್ರೈಸ್ತ ತವರಿಗೆ ಹೋಗುತ್ತಿಲ್ಲ, ಹಳೆಯ ವಿಳಾಸ ನೋಡಲು ಹೋಗುತ್ತಿದ್ದಾನೆ ಅಷ್ಟೆ. ಆಂಧ್ರ, ತಮಿಳುನಾಡುಗಳಲ್ಲಿ ಜೆರೂಸಲೇಮ್ ಯಾತ್ರೆಗೆ ಸರ್ಕಾರ ಸಹಾಯಧನ ಕೊಟ್ಟದ್ದುಂಟು; ಯಾವ ಧರ್ಮದ್ದೇ ಆಗಲಿ, ಯಾತ್ರೆಗೆ ಖಜಾನೆಯ ಹಣ ಬೇಕೆಂದು ನನಗೆ ಅನ್ನಿಸುವುದಿಲ್ಲ. ಸಾಲ ಮಾಡಿ ಹೋಗುವಂಥದಂತೂ ಅಲ್ಲ. ಹೋಗಲಾಗದವರು ಏನನ್ನೋ ಕಳೆದುಕೊಂಡೆವೆಂದು ಕೊರಗಬೇಕಿಲ್ಲ. ಗುಳೇದಗುಡ್ಡಕ್ಕೆ ಬಸ್ಸಿದೆ, ಕೂಡಲಸಂಗಮಕ್ಕೂ ಇದೆ. ಹೋಗುವವರು ‘ಅಪೊಸ್ತಲರ ಕೃತ್ಯಗಳು’ ಪುಸ್ತಕದ 28 ಅಧ್ಯಾಯಗಳನ್ನು ಓದಿಕೊಂಡೇ ವಿಮಾನ ಹತ್ತಲಿ. ಅದು ಗುಡಿಯಲ್ಲೂ ಮುಗಿಯುವುದಿಲ್ಲ, ಸಮಾಧಿಯ ಬಳಿಯೂ ಮುಗಿಯುವುದಿಲ್ಲ. ಪೌಲ ರೋಮಿನಲ್ಲಿ ಬಾಡಿಗೆ ಮನೆ ಹಿಡಿದು, ಬಂದವರೊಂದಿಗೆಲ್ಲ ಮಾತಾಡುತ್ತ ಎರಡು ವರ್ಷ ಇದ್ದನೆಂಬಲ್ಲಿಗೆ ನಿಲ್ಲುತ್ತದೆ. ಆ ಮನೆ ಇದ್ದದ್ದು ನಮ್ಮಲ್ಲೇ ಎಂದು ರೋಮಿನ ಒಂದಕ್ಕಿಂತ ಹೆಚ್ಚು ಚರ್ಚುಗಳು ಹೇಳಿಕೊಳ್ಳುತ್ತವೆ. ಎಲ್ಲಿತ್ತೆಂಬುದು ಇವತ್ತಿಗೂ ಖಚಿತವಿಲ್ಲ.