ಎಳೆಗೂ ಅಂಕಿತವುಂಟೆ?

ನಾಗಮಂಗಲ ಸೀಮೆಯ ಗೃಹಿಣಿಯೊಬ್ಬರು ಒಂದು ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದ್ದಾರೆ. ಬಿಡುವಿನ ವೇಳೆಯಲ್ಲಿ ಉಣ್ಣೆಯ ಕೊರಳವಸ್ತ್ರಗಳನ್ನು ಕೈಯಿಂದ ಹೆಣೆದು, ಮಾಗಿಯ ಚಳಿಯಲ್ಲಿ ಆದಿಚುಂಚನಗಿರಿಗೆ ಬರುವ ಯಾತ್ರಿಕರಿಗೆ ಮಾರುವುದು ಅವರ ಕಾಯಕ. ಧಾರವಾಡದ ಕಡೆಯ ಹೆಂಗಸರು ಇಳಕಲ್ಲಿನ ಸೀರೆಯ ಮೇಲೆ ತೆಗೆಯುವ ಕಸೂತಿಯ ನವಿಲನ್ನು ಅವರು ಅಂಚಿನಲ್ಲಿ ಹೆಣೆಯುತ್ತಾರೆ. ಚುಂಚನಗಿರಿಯೋ ನವಿಲುಗಳ ಬೆಟ್ಟ. ಕೊಳ್ಳುವವರು ಅದನ್ನು ಬೆಟ್ಟದ ನವಿಲೆಂದೇ ಭಾವಿಸುತ್ತಾರೆ. “ನಾನು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಇದು ಕಾಯಕವೋ, ಕಳವೋ?” ಎಂಬುದು ಆ ತಾಯಿಯ ಶಂಕೆ.

ಮೊದಲು ಅವರ ಶ್ರಮವನ್ನು ಅರಿಯತಕ್ಕದ್ದು. ಕಸೂತಿಯು ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹೊಲಿಯುವ ಕೆಲಸವಲ್ಲ. ಹಾಸುಹೊಕ್ಕಿನ ಎಳೆಗಳನ್ನು ಎಣಿಸೆಣಿಸಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ಆನೆ, ನವಿಲುಗಳನ್ನು ಮೂಡಿಸುವ ವಿದ್ಯೆ ಅದು. ಗವಂತಿಯಲ್ಲಿ ಸೂಜಿಯು ಹೋದ ದಾರಿಯಲ್ಲೇ ಮರಳಿ ಬಂದು, ಬಿಟ್ಟ ತೆರಪನ್ನು ತುಂಬುವುದರಿಂದ ಬಟ್ಟೆಯ ಎರಡು ಮುಖಗಳೂ ಒಂದೇ ಸಮನಾಗಿರುತ್ತವೆ. ಎಣಿಕೆಯ ವಿದ್ಯೆಯಾದುದರಿಂದಲೇ ಅದು ಹೆಣಿಗೆಯ ಕಡ್ಡಿಗೂ ಒಗ್ಗುತ್ತದೆ. ಆದರೆ ಹೆಣಿಗೆಯ ಕಣ್ಣು ಎತ್ತರಕ್ಕಿಂತ ಅಗಲವಾದದ್ದು. ಎಣಿಕೆಯನ್ನು ಇದ್ದಂತೆಯೇ ಇಳಿಸಿದರೆ ನವಿಲು ಕುಗ್ಗಿ ಬಾತುಕೋಳಿಯಾದೀತು! ಸಾಲುಗಳನ್ನು ಹೆಚ್ಚಿಸಿ, ಕೊರಳನ್ನು ನೀಳಗೊಳಿಸಿ, ಬಿಚ್ಚಿ ಮತ್ತೆ ಹೆಣೆದು ಆಕಾರವನ್ನು ತರಬೇಕು. ಇಷ್ಟು ಬೆವರು ಬಿದ್ದ ಕೈಕೆಲಸವನ್ನು ಕಳವೆನ್ನಲು ನಾಲಗೆ ಏಳದು.

ಆಯಾ ಜನದ ಚಿತ್ತಾರವು ಆಯಾ ಜನಕ್ಕೇ ಮೀಸಲು, ಲಂಬಾಣಿಯ ಕನ್ನಡಿಕೆಲಸವನ್ನು ಲಂಬಾಣಿಯಾಗಿ ಹುಟ್ಟಿದವಳೇ, ನೀಲಗಿರಿಯ ತೋಡರ ಕೆಂಪು ಕಪ್ಪಿನ ಅಂಚನ್ನು ತೋಡ ಹೆಂಗಸೇ ಮಾಡತಕ್ಕದ್ದು ಎಂದು ಕೆಲವರು ವಾದಿಸುವರು. ದುರ್ಬಲರ ಮೇಲಣ ಕರುಣೆಯಿಂದ ಹುಟ್ಟಿದ ಮಾತಾದರೂ ಇದು ಶರಣಮತಕ್ಕೆ ಒಪ್ಪತಕ್ಕದ್ದಲ್ಲ. ವಿದ್ಯೆಗೆ ಹುಟ್ಟಿನ ಬೇಲಿ ಹಾಕುವುದನ್ನೇ ಅಲ್ಲವೆ ಹನ್ನೆರಡನೆಯ ಶತಮಾನದ ಕಲ್ಯಾಣವು ನಿರಾಕರಿಸಿದ್ದು? ನೂಲುವ ಕದಿರ ರೆಮ್ಮವ್ವೆಯೂ ಸೂಜಿಕಾಯಕದ ರಾಮಿತಂದೆಯೂ ಅನುಭಾವವನ್ನು ನುಡಿದದ್ದು ಯಾರ ಅಪ್ಪಣೆಯಿಂದ? ಅಂತೆಯೇ ಹೆಣಿಗೆಯ ಕಡ್ಡಿಗಳು ನಮ್ಮ ಮನೆಗಳಿಗೆ ಬಹುಮಟ್ಟಿಗೆ ಮಿಷನರಿಗಳ ಶಾಲೆಗಳಿಂದ ಬಂದವು. ಸಾಲವಿಲ್ಲದ ಕುಶಲಿ ಯಾರೂ ಇಲ್ಲ.

ಹಾಗಾದರೆ ಚಿತ್ತಾರವು ಯಾರದೂ ಅಲ್ಲ, ಎಲ್ಲವೂ ಶಿವನದು ಎಂದು ಕೈತೊಳೆದುಕೊಳ್ಳಬಹುದೆ? ಈ ವಾದವು ಕೇಳಲು ಇಂಪಾಗಿದೆ. ಮಾರುವವರಿಗೆ ಲಾಭಕರವೂ ಹೌದು. ಆದರೆ ಸರ್ವವನ್ನೂ ಶಿವಾರ್ಪಣ ಮಾಡಿದ ಶರಣರೇ ತಮ್ಮ ವಚನಗಳಿಗೆ ಬೇರೆಬೇರೆ ಅಂಕಿತಗಳನ್ನಿರಿಸಿದರಲ್ಲ! ಕೂಡಲಸಂಗಮದೇವನೆಂದರೆ ಬಸವಣ್ಣನವರು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ, ರಾಮನಾಥನೆಂದರೆ ನೇಯ್ಗೆಯ ದಾಸಿಮಯ್ಯ. ಹೆಸರು ದೇವರದು; ಅನುಭಾವವು ಯಾವ ಎದೆಯಿಂದ ಬಂದಿತೆಂಬುದನ್ನು ಆ ಹೆಸರೇ ತಿಳಿಸುತ್ತದೆ. ವಚನವನ್ನು ಯಾರಾದರೂ ಯಾವ ರಾಗದಲ್ಲಾದರೂ ಹಾಡಬಹುದು, ಅಂಕಿತವನ್ನು ಮಾತ್ರ ಅಳಿಸಲಾಗದು. ಬಸವಣ್ಣನವರ ಅಂಕಿತವನ್ನು ಬದಲಿಸಿ ಅಚ್ಚು ಮಾಡಿದ ಗ್ರಂಥವೊಂದರ ಮೇಲಣ ನಿಷೇಧವನ್ನು 2017ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದಾಗ ನಮ್ಮಲ್ಲಿ ಎಷ್ಟೋ ಮಂದಿ ನೆಮ್ಮದಿಯ ಉಸಿರು ಬಿಟ್ಟೆವು. ಒಂದು ಪದ ಬದಲಾದುದಕ್ಕೆ ಅಷ್ಟು ನೊಂದ ನಾವು, ಓದುಬರಹವಿಲ್ಲದ ಅಜ್ಜಿಯರು ಬೆರಳೆಣಿಕೆಯಲ್ಲೇ ಉಳಿಸಿಕೊಟ್ಟ ನವಿಲಿನ ಊರು ಮರೆಯಾಗುವಾಗ ಸುಮ್ಮನಿರಬಹುದೆ? ಆ ತಾಯಿಯ ಹೆಣಿಗೆಯಲ್ಲಿ ದೋಷವಿಲ್ಲ, ಆ ಮೌನದಲ್ಲಿದೆ.

ಕಾನೂನು ಇಲ್ಲಿ ಬಹು ದೂರ ಬಾರದು. 1999ರ ಭೌಗೋಳಿಕ ಸೂಚಿಗಳ ಕಾಯಿದೆಯ ಮೇರೆಗೆ ನಮ್ಮ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ನೋಂದಣಿಯಾಗಿದೆ. ಅದು ಕಾಯುವುದು ಹೆಸರನ್ನು. ಹೆಸರು ಹೇಳದೆ ನವಿಲನ್ನಷ್ಟೇ ಒಯ್ದವರನ್ನು ಅದು ತಡೆಯಲಾರದು. 2023ರಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಯ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಸೇರಿತು. ಸಂತೋಷವೇ; ಆದರೆ ಲೋಕದ ನೆನಪಿನಲ್ಲಿ ಉಳಿದದ್ದು ಎಣಿಕೆಯೇ ಹೊರತು ಹೊಲಿದ ಒಬ್ಬೊಬ್ಬಳ ಹೆಸರಲ್ಲ.

ಆದಕಾರಣ ಆ ತಾಯಿಗೆ ನಮ್ಮ ಬಿನ್ನಹವಿಷ್ಟು: ಹೆಣೆಯಿರಿ. ಪ್ರತಿಯೊಂದು ವಸ್ತ್ರಕ್ಕೂ “ಧಾರವಾಡ ಸೀಮೆಯ ಕಸೂತಿಯ ನವಿಲನ್ನು ನೋಡಿ ಉಣ್ಣೆಯಲ್ಲಿ ಹೆಣೆದದ್ದು” ಎಂದು ಒಂದು ಚೀಟಿಯನ್ನು ಕಟ್ಟಿರಿ. ಬೆಟ್ಟದ ನವಿಲೇ ಎಂದು ಕೇಳಿದವರಿಗೆ ಬಾಯಿಬಿಟ್ಟು ಹೇಳಿರಿ. ಇದರಿಂದ ಎರಡು ಮೂರು ವಸ್ತ್ರಗಳು ಮಾರಾಟವಾಗದೆ ಉಳಿದಾವು, ಉಳಿಯಲಿ.

ಇನ್ನು ಲಾಭದ ಮಾತು. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದನೇ ಹೊರತು ಕದ್ದು ತರಲಿಲ್ಲ. ಆದರೂ ಅಗತ್ಯಕ್ಕಿಂತ ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ಲಕ್ಕಮ್ಮ ಅವನನ್ನು ಹಿಂದಕ್ಕಟ್ಟಿದಳು. ಲೋಕದ ಅಂಗಳದಲ್ಲಿ ಚೆಲ್ಲಿದ ಚಿತ್ತಾರವನ್ನು ಆಯ್ದವರಿಗೂ ಇದೇ ನ್ಯಾಯ. ಮಾರಯ್ಯನಿಗೆ ಸುರಿಯುವ ಅಂಗಳ ಎದುರಿಗಿತ್ತು. ನಾಗಮಂಗಲದಿಂದ ಧಾರವಾಡ ದೂರ. ಹಾಗಿದ್ದರೂ ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಹೋಗಿ, ಕಸೂತಿ ಹಾಕುವ ಒಬ್ಬಳಿಂದ ಚೌಕಾಸಿ ಮಾಡದೆ ಒಂದು ಸೀರೆಯನ್ನು ಕೊಂಡು, ಎರಡು ದಿನ ಅವಳ ಬಳಿ ಕುಳಿತು, ಕಲಿಸಿದ್ದಕ್ಕೆ ಕೂಲಿಯನ್ನೂ ಕೊಟ್ಟು ಬರಬಹುದು. ಹೆಣಿಗೆಯ ಹಿಂಬದಿಯಲ್ಲಿ ಬಣ್ಣದ ಎಳೆಗಳು ಜೋಲುವುದೇ ತಮಗೆ ದೊಡ್ಡ ತೊಡಕೆಂದು ಆ ತಾಯಿ ಬರೆದಿದ್ದಾರೆ. ಎರಡು ಮುಖವೂ ಒಂದೇ ಆಗುವಂತೆ ಹೊಲಿಯುವವಳನ್ನೇ ಅದನ್ನೂ ಕೇಳಿ ನೋಡಲಿ.