ಇಂದಿನ ಚಿಂತನೆ: ಆ ಕಾಲ ಯಾರಿಗೆ ಚೆನ್ನಾಗಿತ್ತು?



ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ ಒಂದು ಜಾತ್ರೆ ನೋಡಿದೆ. ದೇವರಿಲ್ಲದ ಜಾತ್ರೆ, ಹಳೇ ಕಾರುಗಳ ಜಾತ್ರೆ. ಡೆಟ್ರಾಯಿಟ್ ನಗರದಿಂದ ಉತ್ತರಕ್ಕೆ ಹೋಗುವ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಆಗಸ್ಟ್ ತಿಂಗಳ ಮೂರನೇ ಶನಿವಾರ ನಡೆಯುತ್ತದೆ. 1995ರಲ್ಲಿ ಶುರುವಾದದ್ದು. ಹಳೇ ಕಾರು, ಹಳೇ ಟ್ರಕ್ಕುಗಳನ್ನು ಫಳಫಳ ಒರೆಸಿ ತಂದು ನಿಧಾನಕ್ಕೆ ಓಡಿಸುತ್ತಾರೆ. ಜನ ರಸ್ತೆ ಬದಿ ಮಡಚುವ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ನಾನು ಮೂವತ್ತು ವರ್ಷ ಲಾರಿ ಗ್ಯಾರೇಜಿನಲ್ಲಿ ಗ್ರೀಸು ಬಳಿದುಕೊಂಡವನು. ಎಂಜಿನ್ ಸದ್ದು ಕೇಳಿದರೆ ಕಿವಿ ತಾನಾಗಿ ನಿಮಿರುತ್ತದೆ.

1964ರಲ್ಲಿ ಪಾಂಟಿಯಾಕ್ ಕಂಪನಿಯವರು ಮಧ್ಯಮ ಗಾತ್ರದ ಟೆಂಪೆಸ್ಟ್ ಕಾರಿಗೆ 389 ಘನ ಇಂಚಿನ ಎಂಜಿನ್ ಕೂರಿಸಿ ಜಿಟಿಓ ಎಂದು ಮಾರಿದರು. ಸುಮಾರು 6.4 ಲೀಟರ್! ನಾನು ಬಿಚ್ಚಿ ಜೋಡಿಸಿದ ಎಷ್ಟೋ ಲಾರಿಗಳ ಎಂಜಿನ್ ಅದಕ್ಕಿಂತ ಚಿಕ್ಕದು. ಆಮೇಲೆ ಎಲ್ಲ ಕಂಪನಿಗಳೂ ಅದೇ ದಾರಿ ಹಿಡಿದವು. ಇವುಗಳಿಗೆ ಮಸಲ್ ಕಾರು ಎನ್ನುತ್ತಾರೆ. ಎರಡು ಕಾರು ಪಕ್ಕಪಕ್ಕ ನಿಲ್ಲಿಸಿ ಕಾಲು ಮೈಲಿ, ಅಂದರೆ 402 ಮೀಟರ್, ನೇರ ಓಡಿಸುವ ಪಂದ್ಯವೇ ಡ್ರ್ಯಾಗ್ ರೇಸ್. ಅರವತ್ತರ ದಶಕದಲ್ಲಿ ಇದೇ ವುಡ್‌ವರ್ಡ್ ರಸ್ತೆಯಲ್ಲಿ ಹುಡುಗರು ರಾತ್ರಿ ಹೊತ್ತು ಸಿಗ್ನಲ್‌ನಿಂದ ಸಿಗ್ನಲ್‌ಗೆ ಕಳ್ಳಪಂದ್ಯ ಕಟ್ಟುತ್ತಿದ್ದರು. ಹೊಗೆಯ ಕಾನೂನು, ದುಬಾರಿ ವಿಮೆ, 1973ರ ತೈಲ ಬಿಕ್ಕಟ್ಟು, ಎಲ್ಲ ಸೇರಿ ಆ ಸಡಗರ ಮುಗಿಯಿತು.

ನಮ್ಮ ಪಕ್ಕದಲ್ಲಿ 1970ರ ಡಾಜ್ ಚಾಲೆಂಜರ್ ಕಾರಿನ ಒಬ್ಬ ಬಿಳಿಯ ಹಿರಿಯರು ಕೂತಿದ್ದರು. ಒಳ್ಳೆಯ ಮನುಷ್ಯ, ನಮಗೆ ತಣ್ಣನೆ ನೀರು ಕೊಟ್ಟರು. "ಆ ಕಾಲ ಎಷ್ಟು ಚೆನ್ನಾಗಿತ್ತು, ಪೆಟ್ರೋಲು ಅಗ್ಗ, ಯಾರಿಗೂ ಯಾರ ಭಯವೂ ಇರಲಿಲ್ಲ" ಎಂದರು. ಮಗಳು ಕನ್ನಡದಲ್ಲಿ ಹೇಳಿದಳು.

ನನಗೆ ಹೊಟ್ಟೆಯಲ್ಲಿ ಏನೋ ಕದಲಿತು. ಏಕೆಂದರೆ ಹಿಂದಿನ ದಿನವೇ ಮಗಳು ಒಂದು ಗೋಡೆ ತೋರಿಸಿದ್ದಳು. ವುಡ್‌ವರ್ಡ್ ದಾಟಿ ಹೋಗುವ ಎಯ್ಟ್ ಮೈಲ್ ರಸ್ತೆಯ ಹತ್ತಿರ, ಆರು ಅಡಿ ಎತ್ತರ, ಅರ್ಧ ಮೈಲಿ ಉದ್ದ. 1941ರಲ್ಲಿ ಕಟ್ಟಿದ್ದು. ಪಕ್ಕದಲ್ಲಿ ಕರಿಯರ ಕೇರಿ ಇತ್ತು. ಅದಕ್ಕೆ ಅಂಟಿಕೊಂಡಂತೆ ಬಿಳಿಯರ ಬಡಾವಣೆ ಕಟ್ಟಲು ಸರ್ಕಾರದ ಸಾಲದ ಭದ್ರತೆ ಸಿಗಲಿಲ್ಲ, ಗೋಡೆ ಎಬ್ಬಿಸಿದ ಮೇಲೆ ಸಿಕ್ಕಿತು. ಗೋಡೆ ಇವತ್ತಿಗೂ ಇದೆ, ಈಗ ಅದರ ಮೇಲೆ ಬಣ್ಣದ ಚಿತ್ರ ಬರೆದಿದ್ದಾರೆ. ಊರು ಬೇರೆ ಕೇರಿ ಬೇರೆ ಎಂಬುದನ್ನು ನಮಗೆ ಯಾರೂ ಅನುವಾದ ಮಾಡಬೇಕಿಲ್ಲವಲ್ಲ! ಆ ಚಾಲೆಂಜರ್ ಕಾರನ್ನು ತಯಾರಿಸಿದ ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲೇ, ಅತ್ಯಂತ ಕಷ್ಟದ ಕೆಲಸವೆಲ್ಲ ನಮ್ಮ ಪಾಲಿಗೇ ಏಕೆ ಎಂದು ಕರಿಯ ಕಾರ್ಮಿಕರು 1968ರಲ್ಲಿ ಸಂಘಟನೆ ಕಟ್ಟಿ ಹೋರಾಡಿದ್ದರು.

ಆ ಬಿಳಿಯರಿಗೆ ನಾನೇನೂ ಹೇಳಲಿಲ್ಲ. ಆದರೆ ಆಚೆ ಕಡೆ ಒಂದು ಹಳೇ ಷೆವರ್ಲೆ ಪಿಕಪ್ ಟ್ರಕ್ಕು ನಿಂತಿತ್ತು, ಅದರ ಯಜಮಾನರು ಕರಿಯರು. ನಮ್ಮವರೇ ಸಿಕ್ಕರು ಅನ್ನಿಸಿ ಹೋಗಿ ಕೇಳಿದೆ: "ಸರ್, ನಿಮ್ಮವರಿಗೆ ಆ ಕಾಲ ನರಕ ಅಲ್ಲವೇ? ಇದನ್ನೇಕೆ ಇಷ್ಟು ಪ್ರೀತಿಯಿಂದ ಇಟ್ಟುಕೊಂಡಿದ್ದೀರಿ?"

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ನಮ್ಮಪ್ಪ ಕಾರ್ಖಾನೆಯಲ್ಲಿ ಏನು ಅನುಭವಿಸಿದರು ಅಂತ ನನಗೆ ಗೊತ್ತು. ಭಾನುವಾರ ನಮ್ಮನ್ನೆಲ್ಲ ಇದರ ಹಿಂದೆ ಕೂರಿಸಿಕೊಂಡು ಮೀನು ಹಿಡಿಯಲು ಹೋಗುತ್ತಿದ್ದರು. ಅದೂ ಗೊತ್ತು" ಎಂದರು.

ನನಗೆ ಅವ್ವ ನೆನಪಾದಳು.

ಅವ್ವ ಮಂಡ್ಯದ ಕಡೆ ಕಬ್ಬು ಕಡಿಯುವ ಕೂಲಿಗೆ ಹೋಗುತ್ತಿದ್ದವಳು. ಮೂತಿ ಮುಂದೆ ಚಾಚಿದ್ದ ಹಳೇ ಟಾಟಾ ಬೆಂಜ್ ಲಾರಿ, ಕಬ್ಬಿನ ಲೋಡಿನ ಮೇಲೆ ಹೆಂಗಸರು. ಮುದುಕಿಯಾದ ಮೇಲೆ ಅದನ್ನೇ ಹೇಳುತ್ತಿದ್ದಳು. "ಅದ್ರ ಮ್ಯಾಲೆ ಕುಂತ್ರೆ ಊರೆಲ್ಲ ಕೆಳ್ಗಡೆ ಕಾಣದು ಕಣಪ್ಪ, ಏನ್ ಗಾಳಿ ಅಂತೀಯ." ನಾನು ಒಂದು ದಿನ ಸಿಡುಕಿದೆ: "ಸುಮ್ನಿರವ್ವ, ಆ ಲಾರಿ ಯಜಮಾನ ಅರ್ಧ ಕೂಲಿ ಕೊಡ್ತಿದ್ದ, ಬಾವಿ ಹತ್ರಾನೂ ಬಿಟ್ಕೊಳ್ತಿರ್ಲಿಲ್ಲ, ಅವನ ಲಾರಿ ಹೊಗಳ್ತೀಯ?" 1948ರಲ್ಲಿ ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯ ಬಗ್ಗೆ ಹೇಳಿದ್ದನ್ನೂ ಒಪ್ಪಿಸಿದೆ. ಅವ್ವ ಆಮೇಲೆ ಲಾರಿಯ ಮಾತು ಎತ್ತಲಿಲ್ಲ.

ಬಾಬಾಸಾಹೇಬರು ಆ ಮಾತು ಹೇಳಿದ್ದು ಹಳ್ಳಿಯೇ ರಾಜ್ಯಾಡಳಿತಕ್ಕೆ ತಳಹದಿ ಆಗಬೇಕು ಎಂದವರಿಗೆ. ಕಬ್ಬಿನ ಲೋಡಿನ ಮೇಲೆ ಕೂತ ಕೂಲಿ ಹೆಂಗಸಿಗಲ್ಲ. ಆ ಬಿಳಿಯ ಹಿರಿಯರ ನೆನಪು ಸಿಹಿಯಾಗಿರುವುದು ಗೋಡೆ ಅದರಲ್ಲಿ ಇಲ್ಲದ್ದರಿಂದ. ಅವ್ವನ ನೆನಪಿನಲ್ಲಿ ಬಾವಿಯೂ ಇತ್ತು, ಅರ್ಧ ಕೂಲಿಯೂ ಇತ್ತು; ಅವನ್ನು ನನಗೆ ಹೇಳಿಕೊಟ್ಟವಳೇ ಅವಳು! ಮೇಲಿಂದ ನೋಡಿದರೆ ಎರಡೂ ಒಂದೇ ಮಾತು, "ಆ ಕಾಲ ಚೆನ್ನಾಗಿತ್ತು." ಪ್ರಶ್ನೆ ಕೇಳಬೇಕಾದ ಕಡೆ ನಾನು ನೀರು ಕುಡಿದು ಸುಮ್ಮನಿದ್ದೆ, ಸುಮ್ಮನಿರಬೇಕಾದ ಕಡೆ ಬಾಯಿ ಮಾಡಿದೆ. ಅಭಯ ರಾಜಕುಮಾರನಿಗೆ ಭಗವಾನರು ಹೇಳಿದ್ದನ್ನು ನಾವು ವಿಹಾರದಲ್ಲಿ ಎಷ್ಟು ಸಲ ಓದಿದ್ದೇವೆ: ಮಾತು ಸತ್ಯವಾಗಿದ್ದರೆ ಸಾಲದು, ಹಿತವಾಗಬೇಕು, ಕಾಲವೂ ನೋಡಬೇಕು. ನನ್ನದು ಸತ್ಯ ಮಾತ್ರ ಆಗಿತ್ತು.

ಹಾಗಂತ ಮೊಮ್ಮಕ್ಕಳಿಗೆ ಬರೀ ಗಾಳಿಯ ಕಥೆ ಹೇಳಿ ಬಾವಿಯ ಕಥೆ ಬಿಡಬಹುದೇ? ಅದಕ್ಕೂ ಮನಸ್ಸು ಒಪ್ಪುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳುವ ಬಾಯಿ ಅವ್ವನಿಗಿತ್ತು, ನನಗಿನ್ನೂ ಬಂದಿಲ್ಲ.

ಪಿಕಪ್ಪಿನ ಹಿರಿಯರಿಗೆ ಅವ್ವನ ಲಾರಿಯ ವಿಷಯ ಹೇಳಿದೆ. ಅವರು ಬಾನೆಟ್ ಎತ್ತಿ ಎಂಜಿನ್ ತೋರಿಸುತ್ತಾ, "ಆ ಲಾರಿ ಯಾವ ಬಣ್ಣದ್ದು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವ್ವನನ್ನು ಕೇಳಿರಲಿಲ್ಲ.